ತ್ಸೋ ಮೊರಾರಿ ಕಲ್ಲಿನ ವಯಸ್ಸು ಕೇಳಿದರೆ ಇಷ್ಟೊಂದು ಉತ್ತರ ಯಾಕೆ?

ಭಾರತ ಹೋಗಿ ಏಷ್ಯಾಕ್ಕೆ ಗುದ್ದಿದ್ದು ಯಾವಾಗ? ಶಾಲೆಯ ಪುಸ್ತಕ ತೆಗೆದರೆ ಸುಮಾರು 5 ಕೋಟಿ ವರ್ಷದ ಹಿಂದೆ ಅಂತ ಒಂದೇ ಸಾಲಿನಲ್ಲಿ ಮುಗಿಸಿರುತ್ತಾರೆ. ಭೂವಿಜ್ಞಾನಿಗಳನ್ನು ಕೇಳಿ ನೋಡಿ. 6 ಕೋಟಿಯ ಹತ್ತಿರ ಅನ್ನುವವರಿದ್ದಾರೆ, 5 ಕೋಟಿ ಅನ್ನುವವರಿದ್ದಾರೆ, 4 ಕೋಟಿ ಅನ್ನುವವರಿದ್ದಾರೆ, ಗುದ್ದಿದ್ದು ಎರಡು ಸಲ ಅಂತ ವಾದಿಸುವವರೂ ಇದ್ದಾರೆ. ಈ ವ್ಯತ್ಯಾಸ ಸಣ್ಣದೇನಲ್ಲ. ಡಿಕ್ಕಿಗೆ ಮೊದಲು ಭಾರತ ವರ್ಷಕ್ಕೆ 15 ಸೆಂಟಿಮೀಟರ್‌ಗೂ ಜಾಸ್ತಿ ವೇಗದಲ್ಲಿ ಉತ್ತರಕ್ಕೆ ಓಡುತ್ತಿತ್ತು. ಅಂದರೆ ಲೆಕ್ಕದಲ್ಲಿ 10 ಲಕ್ಷ ವರ್ಷ ಆಚೀಚೆ ಆದರೆ ನಕ್ಷೆಯಲ್ಲಿ 150 ಕಿಲೋಮೀಟರ್ ಆಚೀಚೆ. ಒಂದು ಕೋಟಿ ವರ್ಷವೇ ಹೆಚ್ಚುಕಮ್ಮಿ ಆದರೆ, ನಡುವೆ ಇದ್ದ ಸಮುದ್ರ ಎಷ್ಟು ಅಗಲ ಇತ್ತು, ಹಿಮಾಲಯ ಎಷ್ಟು ಬೇಗ ಎದ್ದಿತು, ಟಿಬೆಟ್ ಯಾವಾಗ ಎತ್ತರವಾಯಿತು ಅನ್ನುವ ಲೆಕ್ಕಗಳೆಲ್ಲ ಅದರ ಜೊತೆಗೇ ಅಲುಗಾಡುತ್ತವೆ.

ಈ ಜಗಳದಲ್ಲಿ ಪದೇ ಪದೇ ಸಾಕ್ಷಿಗೆ ಎಳೆದು ತರುವ ಕಲ್ಲೊಂದು ಲಡಾಖ್‌ನಲ್ಲಿದೆ. ಬೈಕ್ ತಗೊಂಡು ಲೇಹ್‌ನಿಂದ ಆಗ್ನೇಯಕ್ಕೆ ಹೋಗುವವರಿಗೆ ತ್ಸೋ ಮೊರಿರಿ ಸರೋವರ ಗೊತ್ತು. ಭೂವಿಜ್ಞಾನದ ಬರಹಗಳಲ್ಲಿ ಅದೇ ಜಾಗಕ್ಕೆ ತ್ಸೋ ಮೊರಾರಿ ಅನ್ನುತ್ತಾರೆ. ಅಲ್ಲೇ ಹತ್ತಿರದ ಪೂಗಾ ಕಣಿವೆಯಲ್ಲಿ ಬಿಸಿನೀರಿನ ಬುಗ್ಗೆಗಳಿವೆ, ನೆಲದ ಮೇಲೆ ಗಂಧಕ ಮತ್ತು ಬೋರಾಕ್ಸ್ ಕಟ್ಟಿಕೊಂಡಿರುತ್ತದೆ. ಪ್ರವಾಸಿಗಳು ಹಬೆ ನೋಡಿ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಆದರೆ ಅಕ್ಕಪಕ್ಕದ ಬೆಟ್ಟದ ಬಿಳಿಚಾದ ನೈಸ್ ಕಲ್ಲಿನ (ಹಿಂಡಿಹೋಗಿ ರೂಪ ಬದಲಾದ ಗ್ರಾನೈಟ್) ಒಳಗೆ ಅಲ್ಲಲ್ಲಿ ಕಪ್ಪು ಗಡ್ಡೆಗಳು ಸಿಕ್ಕಿಕೊಂಡಿವೆ, ಕೆಲವು ಕೆಲವೇ ಮೀಟರ್ ಉದ್ದ. ಒಂದು ಚೂರು ಕೈಗೆ ತಗೊಂಡರೆ ಅದೇ ಗಾತ್ರದ ನೈಸ್‌ಗಿಂತ ಭಾರ ಅಂತ ತಕ್ಷಣ ಗೊತ್ತಾಗುತ್ತದೆ. ಒಡೆದ ಮುಖದಲ್ಲಿ ಹಸಿರು ಹಿನ್ನೆಲೆಯ ಮೇಲೆ ಕೆಂಪು ಚುಕ್ಕೆ. ಕೆಂಪು ಗಾರ್ನೆಟ್, ಹಸಿರು ಓಂಫಸೈಟ್. ಇದೇ ಎಕ್ಲೋಜೈಟ್.

ಎಕ್ಲೋಜೈಟ್ ಹುಟ್ಟಿನಲ್ಲಿ ಬೇರೇನೋ ಕಲ್ಲಲ್ಲ, ಬಸಾಲ್ಟೇ. ನಮ್ಮ ಬೆಳಗಾವಿ, ವಿಜಯಪುರದ ಕಡೆ ಕಾಣುವ ಕಪ್ಪು ಲಾವಾ ಕಲ್ಲಿನ ಜಾತಿಯದು. ಅದನ್ನು 50–60 ಕಿಲೋಮೀಟರ್‌ಗಿಂತ ಆಳಕ್ಕೆ ತಳ್ಳಿ ಒತ್ತಿದರೆ ಒಳಗಿನ ಫೆಲ್ಡ್‌ಸ್ಪಾರ್ ಖನಿಜ ಉಳಿಯುವುದಿಲ್ಲ. ಅದರ ಸೋಡಿಯಂ, ಅಲ್ಯೂಮಿನಿಯಂ, ಸಿಲಿಕಾ ಎಲ್ಲ ಮರುಜೋಡಣೆಯಾಗಿ ಇನ್ನೂ ಬಿಗಿಯಾದ ಖನಿಜಗಳಾಗುತ್ತವೆ. ಹಾಗಾಗಿ ತೂಕ ಜಾಸ್ತಿ: ಬಸಾಲ್ಟ್ ನೀರಿಗಿಂತ ಸುಮಾರು 2.9–3 ಪಟ್ಟು ಭಾರ ಇದ್ದರೆ ಎಕ್ಲೋಜೈಟ್ 3.4–3.5 ಪಟ್ಟು. ಕರಗಿಲ್ಲ, ಹೊಸದಾಗಿ ದೊಡ್ಡದೇನೂ ಸೇರಿಲ್ಲ, ಗಟ್ಟಿಯಾಗಿದ್ದುಕೊಂಡೇ ಒಳಗೆಲ್ಲ ಬದಲಾಗಿದೆ. ಒತ್ತಡ ಇಷ್ಟೇ ಅಲ್ಲ, ಇನ್ನೂ ಜಾಸ್ತಿ ಇತ್ತು ಅಂತ ಹೇಳುವ ಗುರುತು ಬೇರೆ ಇದೆ. ಅದು ಕೋಸೈಟ್.

ಕೋಸೈಟ್ ಅಂದರೆ ಬೆಣಚುಕಲ್ಲಿನದೇ ರಾಸಾಯನಿಕ, ಆದರೆ ಪರಮಾಣುಗಳ ಜೋಡಣೆ ಬೇರೆ. 1953ರಲ್ಲಿ ಲೋರಿಂಗ್ ಕೋಸ್ ಅನ್ನುವವರು ಪ್ರಯೋಗಾಲಯದಲ್ಲಿ ಮಾಡಿದರು, ಅದಕ್ಕೇ ಆ ಹೆಸರು. 1960ರಲ್ಲಿ ಅಮೆರಿಕದ ಉಲ್ಕಾ ಕುಳಿಯಲ್ಲಿ ಸಿಕ್ಕಿತು. ಉಲ್ಕೆ ಬಡಿದ ಜಾಗ ಅಲ್ವಾ, ಆ ಹೊಡೆತಕ್ಕೆ ಆಗಿರಬಹುದು ಅಂತ ಎಲ್ಲರೂ ಒಪ್ಪಿದರು. 1984ರಲ್ಲಿ ಮಾತ್ರ ಎಲ್ಲರ ಲೆಕ್ಕ ತಲೆಕೆಳಗಾಯಿತು. ಆಲ್ಪ್ಸ್‌ನ ಡೋರಾ ಮೈರಾ ಕಲ್ಲುಗಳಲ್ಲಿ ಕ್ರಿಶ್ಚಿಯನ್ ಶೋಪಾನ್, ನಾರ್ವೆಯ ಎಕ್ಲೋಜೈಟ್‌ನಲ್ಲಿ ಡೇವಿಡ್ ಸ್ಮಿತ್, ಇಬ್ಬರೂ ಅದೇ ವರ್ಷ ಕೋಸೈಟ್ ವರದಿ ಮಾಡಿದರು. ಉಲ್ಕೆ ಬೀಳದ ಜಾಗ, ಮಾಮೂಲಿ ಭೂಖಂಡದ ಕಲ್ಲು. ಕೋಸೈಟ್ ಆಗಬೇಕಾದರೆ ವಾತಾವರಣದ ಒತ್ತಡದ ಸುಮಾರು 27,000 ಪಟ್ಟು ಬೇಕು, ಅಂದರೆ 90–100 ಕಿಲೋಮೀಟರ್ ಆಳ. ಭೂಖಂಡದ ಕಲ್ಲು ಹಗುರ, ಅದು ಅಷ್ಟು ಕೆಳಗೆ ಮುಳುಗುವುದಿಲ್ಲ ಅಂತ ಅಲ್ಲಿವರೆಗೆ ಪಾಠ ಮಾಡುತ್ತಿದ್ದರು. ಅದು ಮುಳುಗಿದ್ದಷ್ಟೇ ಅಲ್ಲ, ಮತ್ತೆ ಮೇಲಕ್ಕೂ ಬಂದಿತ್ತು.

ಹಿಮಾಲಯದ ಸರದಿ ಬಂದದ್ದು 2001ರಲ್ಲಿ. ಡೆಹ್ರಾಡೂನ್‌ನ ವಾಡಿಯಾ ಸಂಸ್ಥೆಯ ಮುಖರ್ಜಿ ಮತ್ತು ಸಚನ್ ತ್ಸೋ ಮೊರಾರಿಯ ಎಕ್ಲೋಜೈಟ್‌ನಲ್ಲಿ ಕೋಸೈಟ್ ಇದೆ ಅಂತ ಪ್ರಕಟಿಸಿದರು. ಅದೇ ವರ್ಷ ಪಾಕಿಸ್ತಾನದ ಕಾಗಾನ್ ಕಣಿವೆಯ ಕಲ್ಲಿನಿಂದಲೂ ವರದಿ ಬಂತು. ಈ ಕೋಸೈಟ್ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಸ್ವಲ್ಪ ನಿಂತು ನೋಡಬೇಕು. ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಸವೆಸಿ ಗಾಜಿನ ಮೇಲೆ ಅಂಟಿಸುತ್ತಾರೆ, ಬೆಳಕು ಆರಪಾರ ಹೋಗುವಷ್ಟು ತೆಳು. ಸೂಕ್ಷ್ಮದರ್ಶಕದ ಕೆಳಗೆ ಗಾರ್ನೆಟ್ ಹರಳಿನ ಒಳಗೆ ಒಂದು ಪುಟ್ಟ ಬಣ್ಣವಿಲ್ಲದ ಕಣ. ನಟ್ಟನಡುವೆ ಕೋಸೈಟ್, ಅದರ ಸುತ್ತ ಬೇಲಿಯ ಗೂಟಗಳ ಹಾಗೆ ಸಾಲಾಗಿ ನಿಂತ ಬೆಣಚುಕಲ್ಲಿನ ಹರಳು, ಅಲ್ಲಿಂದ ಗಾರ್ನೆಟ್ ಒಳಕ್ಕೆ ಎಲ್ಲ ದಿಕ್ಕಿಗೂ ಬಿರುಕು. ಮೇಲೆ ಬರುವಾಗ ಒತ್ತಡ ಇಳಿದು ಕೋಸೈಟ್ ಬೆಣಚಾಗಲು ಶುರುವಾಗುತ್ತದೆ, ಆಗ ಅದಕ್ಕೆ ಸುಮಾರು ನೂರಕ್ಕೆ ಹತ್ತರಷ್ಟು ಜಾಸ್ತಿ ಜಾಗ ಬೇಕು. ಗಾರ್ನೆಟ್ ಜಾಗ ಕೊಡುವುದಿಲ್ಲ. ಒಳಗಿನ ಒತ್ತಡ ಹಾಗೇ ಉಳಿಯುತ್ತದೆ, ಅದರಿಂದಲೇ ಸ್ವಲ್ಪ ಕೋಸೈಟ್ ಬದುಕುತ್ತದೆ. ಕೊನೆಗೆ ಗಾರ್ನೆಟ್ ಬಿರಿಯುತ್ತದೆ. ಬಿರುಕು ಬಿಟ್ಟ ಮೇಲೆ ನೀರು ಒಳಗೆ ಹೋದರೆ ಉಳಿದದ್ದೂ ಬೆಣಚಾಗಿಬಿಡುತ್ತದೆ. ತುಂಬಾ ಕಡೆ ಕೋಸೈಟ್ ಪೂರ್ತಿ ಹೋಗಿ ಬಿರುಕು ಮಾತ್ರ ಉಳಿದಿರುತ್ತದೆ.

ಎಕ್ಲೋಜೈಟ್ ಅದನ್ನು ಸುತ್ತುವರಿದ ಮ್ಯಾಂಟಲ್‌ಗಿಂತಲೂ, ಅಂದರೆ ಭೂಮಿಯ ಹೊರಚಿಪ್ಪಿನ ಕೆಳಗಿನ ಪದರಕ್ಕಿಂತಲೂ, ಭಾರ. ತನ್ನಷ್ಟಕ್ಕೆ ಬಿಟ್ಟರೆ ಅದು ಮೇಲೆ ಬರುವ ಪ್ರಶ್ನೆಯೇ ಇಲ್ಲ, ಮುಳುಗುತ್ತಲೇ ಹೋಗುತ್ತಿತ್ತು. ಅದನ್ನು ಮೇಲೆ ತಂದದ್ದು ಸುತ್ತಲಿನ ನೈಸ್, ಅದು ಹಗುರ. ಕೆಳಗೆ ಎಳೆದದ್ದು ಮುಂದಿದ್ದ ಸಾಗರತಳದ ಭಾರ. ಅದು ಕಳಚಿಕೊಂಡಾಗಲೋ ಅಥವಾ ನೈಸ್‌ನ ತುಂಡೇ ಕೆಳಗಿನ ಭೂಫಲಕದಿಂದ ಬಿಡಿಸಿಕೊಂಡಾಗಲೋ ಹಗುರ ಭಾಗ ಮೇಲಕ್ಕೆ ಚಿಮ್ಮಿತು, ಕಪ್ಪು ಗಡ್ಡೆಗಳು ಅದರ ಜೊತೆ ಪ್ರಯಾಣಿಕರ ಹಾಗೆ ಬಂದವು. ಹಾಗಾಗಿ ಗಡ್ಡೆಯ ಕಥೆ ಮತ್ತು ನೈಸ್‌ನ ಕಥೆ ಎರಡನ್ನೂ ಒಟ್ಟಿಗೆ ಓದಬೇಕು.

ಈಗ ವಯಸ್ಸಿನ ವಿಷಯ. ಈ ಕಲ್ಲಿಗೆ ವಯಸ್ಸೆಷ್ಟು? ಒಂದು ಹಳೇ ಮನೆಗೆ ವಯಸ್ಸೆಷ್ಟು ಅಂತ ಕೇಳಿದ ಹಾಗೆ ಇದು. ಅಡಿಪಾಯ ಅಜ್ಜನ ಕಾಲದ್ದು, ಮಾಡು ಅಪ್ಪ ಹೊಸದಾಗಿ ಹಾಕಿಸಿದ್ದು, ನೆಲಕ್ಕೆ ಟೈಲ್ಸ್ ಮಗ ಮೊನ್ನೆ ಹಾಕಿಸಿದ್ದು, ಯಾವುದರ ವಯಸ್ಸು ಹೇಳಬೇಕು? ತ್ಸೋ ಮೊರಾರಿಯಲ್ಲಿ ನೈಸ್ ಮೂಲತಃ ಗ್ರಾನೈಟ್ ಆಗಿ ಹೆಪ್ಪುಗಟ್ಟಿದ್ದು ಸುಮಾರು 48 ಕೋಟಿ ವರ್ಷದ ಹಿಂದೆ. ಕಪ್ಪು ಗಡ್ಡೆ ಲಾವಾ ಆಗಿ ಬಂದದ್ದು ಸುಮಾರು 29 ಕೋಟಿ ವರ್ಷದ ಹಿಂದೆ. ಆಳಕ್ಕೆ ಹೋಗಿ ಎಕ್ಲೋಜೈಟ್ ಆದದ್ದು 5 ಕೋಟಿಯ ಆಚೀಚೆ. ಮೇಲೆ ಬಂದು ತಣ್ಣಗಾದದ್ದು ಸುಮಾರು 3 ಕೋಟಿಯ ಹೊತ್ತಿಗೆ. ಎಲ್ಲವೂ ನಿಜ, ಎಲ್ಲವೂ ಒಂದೇ ಬೆಟ್ಟದಲ್ಲಿ ಅಳೆಯಬಹುದಾದ ವಯಸ್ಸು. ಈ ವಿವಾದದ ಮುಕ್ಕಾಲು ಪಾಲು ಯಂತ್ರ ಕೊಟ್ಟ ಅಂಕಿಯ ಬಗ್ಗೆ ಇಲ್ಲವೇ ಇಲ್ಲ. ಆ ಅಂಕಿ ಕಲ್ಲಿನ ಬದುಕಿನ ಯಾವ ಕ್ಷಣಕ್ಕೆ ಸೇರಿದ್ದು ಅನ್ನುವುದರ ಬಗ್ಗೆ ಇದೆ ಅನ್ನುವುದು ನನ್ನ ಅನಿಸಿಕೆ, ಮತ್ತು ಸುದ್ದಿಯಾಗಿ ಬರುವಾಗ ಕಳೆದುಹೋಗುವುದೂ ಅದೇ.

ಮೂಲ ಹುಡುಕುವ ಕೆಲಸ ಮೊದಲು ನೋಡೋಣ, ಯಾಕೆಂದರೆ ಮುಳುಗಿದ್ದು ಯಾರ ಕಲ್ಲು ಅಂತ ಗೊತ್ತಿಲ್ಲದೆ ಯಾವಾಗ ಮುಳುಗಿತು ಅಂತ ಹೇಳಿ ಪ್ರಯೋಜನ ಇಲ್ಲ. 100 ಕಿಲೋಮೀಟರ್ ಕೆಳಗೆ ಹೋಗಿ ಬಂದ ಕಲ್ಲಿನಲ್ಲಿ ಹಳೆಯ ಖನಿಜಗಳು ಹೆಚ್ಚಿನವು ಉಳಿದಿರುವುದಿಲ್ಲ. ಪೊಟ್ಯಾಸಿಯಂ, ಸೋಡಿಯಂನಂಥ ಧಾತುಗಳು ಬಿಸಿ ದ್ರವಗಳ ಜೊತೆ ಬರುತ್ತವೆ, ಹೋಗುತ್ತವೆ, ಅವುಗಳ ಮಾತು ನಂಬುವ ಹಾಗಿಲ್ಲ. ಆದರೆ ಟೈಟಾನಿಯಂ, ಜಿರ್ಕೋನಿಯಂ, ನಯೋಬಿಯಂ, ವಿರಳ ಭೂಧಾತುಗಳು (ರೇರ್ ಅರ್ತ್) ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ. ಅವುಗಳ ಪ್ರಮಾಣ, ಜೊತೆಗೆ ನಿಯೋಡೈಮಿಯಂ ಐಸೋಟೋಪ್‌ಗಳ ಅನುಪಾತ ನೋಡಿದರೆ ತ್ಸೋ ಮೊರಾರಿಯ ಗಡ್ಡೆಗಳು ಕಾಶ್ಮೀರದ ಪಂಜಾಲ್ ಟ್ರ್ಯಾಪ್ಸ್ ಲಾವಾಕ್ಕೆ ಹೊಂದುತ್ತವೆ. ಪೀರ್ ಪಂಜಾಲ್ ಬೆಟ್ಟಸಾಲಿನಲ್ಲಿ ಇರುವ ಪರ್ಮಿಯನ್ ಕಾಲದ ಲಾವಾ ಅದು, ಸುಮಾರು 28.9 ಕೋಟಿ ವರ್ಷ ಹಳೆಯದು. ನೈಸ್‌ನ ಕಥೆ ಇನ್ನೂ ಸರಳ. ಪೂಗಾದಿಂದ ತ್ಸೋ ಕರ್ ಕಡೆಗೆ ಹೋಗುವಾಗ ಸಿಗುವ ಪೊಲೊಕೊಂಗ್ಕಾ ಲಾ ಕಣಿವೆದಾರಿಯ ಹತ್ತಿರ ಅಷ್ಟೇನೂ ಕೆಡದೆ ಉಳಿದ ಗ್ರಾನೈಟ್ ಇದೆ, ಅದರೊಳಗಿನ ಜಿರ್ಕಾನ್ ಅನ್ನುವ ಪುಟ್ಟ ಖನಿಜ ಹರಳಿನಿಂದ ಸಿಕ್ಕ ವಯಸ್ಸು 47.9 ಕೋಟಿ. ಅದೇ ಗ್ರಾನೈಟ್ ಹಿಂಡಿಹೋಗಿ ಪೂಗಾ ನೈಸ್ ಆಗಿದೆ. ಇಂಥ ಗ್ರಾನೈಟ್ ಹಿಮಾಲಯದ ಉದ್ದಕ್ಕೂ ಭಾರತದ ಹಳೆಯ ಅಂಚಿನಲ್ಲಿ ಅಲ್ಲಲ್ಲಿ ಸಿಗುತ್ತದೆ.

ಅಂದರೆ ಮುಳುಗಿದ್ದು ಸಾಗರತಳ ಅಲ್ಲ, ಏಷ್ಯಾವೂ ಅಲ್ಲ. ಭಾರತ ಭೂಖಂಡದ ಉತ್ತರದ ತುದಿ. ಪಂಜಾಲ್ ಲಾವಾ ಉಕ್ಕಿದ್ದು ಗೊಂಡ್ವಾನಾ ಅನ್ನುವ ಹಳೇ ಮಹಾಖಂಡದ ಅಂಚು ಸೀಳಿ ಹೊಸ ಸಮುದ್ರ ಹುಟ್ಟುವ ಕಾಲದಲ್ಲಿ; ಆ ಸಮುದ್ರ ಮುಚ್ಚಿದಾಗ ಅದೇ ಲಾವಾ 100 ಕಿಲೋಮೀಟರ್ ಕೆಳಗೆ ಹೋಯಿತು. ಈ ಪತ್ತೆ ಆದ ಮೇಲೇ ವಯಸ್ಸಿಗೆ ಬೆಲೆ ಬಂದದ್ದು. ಭಾರತದ ಅಂಚು ಇಂಥ ದಿನ ಇಷ್ಟು ಆಳದಲ್ಲಿತ್ತು ಅಂತ ಗೊತ್ತಾದರೆ, ಅದಕ್ಕೂ ಮೊದಲೇ ಅದು ಯಾವುದಕ್ಕೋ ತಗುಲಿರಲೇಬೇಕು ಅಲ್ವಾ?

ಗಡಿಯಾರಗಳಲ್ಲಿ ಎಲ್ಲರೂ ಮೊದಲು ಕೈ ಹಾಕುವುದು ಜಿರ್ಕಾನ್‌ಗೆ. ಜಿರ್ಕಾನ್ ಬೆಳೆಯುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುತೇಕ ಹೊರಗಿಡುತ್ತದೆ. ಆಮೇಲೆ ಅದರೊಳಗೆ ಸಿಗುವ ಸೀಸ ಯುರೇನಿಯಂ ಒಡೆದು ಆದದ್ದು. ಯುರೇನಿಯಂ-238ರ ಅರ್ಧಾಯು (ಅರ್ಧ ಪಾಲು ಒಡೆಯಲು ಹಿಡಿಯುವ ಕಾಲ) 447 ಕೋಟಿ ವರ್ಷ, 235ರದ್ದು 70 ಕೋಟಿ. ಎರಡು ಗಡಿಯಾರ ಒಂದೇ ಹರಳಿನಲ್ಲಿ ಓಡುತ್ತಿರುತ್ತವೆ, ಒಂದನ್ನೊಂದು ತಾಳೆ ನೋಡಬಹುದು. ಆದರೆ 5 ಕೋಟಿ ವರ್ಷದಲ್ಲಿ ಒಡೆಯುವ ಯುರೇನಿಯಂ-238 ನೂರರಲ್ಲಿ ಒಂದು ಪಾಲೂ ಇಲ್ಲ, 0.8 ಅಷ್ಟೇ. ಅದನ್ನು ಅಳೆದು ಕೆಲವೇ ಲಕ್ಷ ವರ್ಷದ ಖಚಿತತೆಗೆ ತರುವುದು ಸುಮ್ನೆ ಮಾತಲ್ಲ.

ಕೆಲಸ ಹೇಗೆ ನಡೆಯುತ್ತದೆ ಅಂದರೆ, ಕಲ್ಲನ್ನು ಪುಡಿ ಮಾಡಿ, ನೀರಿನಲ್ಲಿ ತೊಳೆದು ಹಗುರದ್ದನ್ನು ಬೇರೆ ಮಾಡಿ, ಆಯಸ್ಕಾಂತಕ್ಕೆ ಅಂಟುವುದನ್ನು ತೆಗೆದು, ಭಾರದ ದ್ರವದಲ್ಲಿ ಮುಳುಗಿಸಿ, ಕೊನೆಗೆ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಕಣ ಆರಿಸುತ್ತಾರೆ. ಹೆಚ್ಚಿನವು ಕೂದಲಿನಷ್ಟು ದಪ್ಪ, ಅಷ್ಟೇ. ಅವನ್ನು ರಾಳದಲ್ಲಿ ಕೂರಿಸಿ ಅರ್ಧಕ್ಕೆ ಸವೆಸಿ ಎಲೆಕ್ಟ್ರಾನ್ ಕಿರಣ ಬಿಟ್ಟರೆ ಮಿನುಗುವ ಚಿತ್ರ ಸಿಗುತ್ತದೆ. ನಡುವೆ ಹಳೇ ತಿರುಳು, ಸುತ್ತ ತೆಳ್ಳಗೆ ಹೊಸ ಪದರ, ಕೆಲವೊಮ್ಮೆ ಪದರದ ಮೇಲೆ ಪದರ. ತಿರುಳು 48 ಕೋಟಿ, ಪದರ 5 ಕೋಟಿ. ಅಳೆಯುವ ಲೇಸರ್ ಅಥವಾ ಅಯಾನು ಕಿರಣದ ಚುಕ್ಕೆ 20–30 ಮೈಕ್ರಾನ್ ಅಗಲ. ಪದರವೇ ಅದಕ್ಕಿಂತ ತೆಳು ಇದ್ದರೆ?

ಆಗ ಚುಕ್ಕೆ ಅರ್ಧ ತಿರುಳಿನ ಮೇಲೆ, ಅರ್ಧ ಪದರದ ಮೇಲೆ ಬೀಳುತ್ತದೆ. ಎರಡರಲ್ಲೂ ಯುರೇನಿಯಂ ಸಮ ಇದ್ದರೆ ಉತ್ತರ 26 ಕೋಟಿ ಚಿಲ್ಲರೆ ಬರುತ್ತದೆ, ಆ ಕಾಲದಲ್ಲಿ ಅಲ್ಲಿ ಏನೂ ಆಗಿರದಿದ್ದರೂ. ಇದು ಅಷ್ಟು ಅಪಾಯ ಅಲ್ಲ, ಯಾಕೆಂದರೆ ಎರಡು ಗಡಿಯಾರ ತಾಳೆಯಾಗದೆ ಸಿಕ್ಕಿಬೀಳುತ್ತದೆ. ನಿಜವಾದ ತಲೆನೋವು 5.3 ಕೋಟಿಯ ಪದರ ಮತ್ತು 4.7 ಕೋಟಿಯ ಪದರ ಬೆರೆತಾಗ. ಆಗ ಗಡಿಯಾರಗಳು ತಾಳೆಯಾಗಿಯೇ ಕಾಣುತ್ತವೆ. ಸಿಗುವ 5 ಕೋಟಿ ಅಂಕಿ ಚೆನ್ನಾಗಿಯೇ ಇರುತ್ತದೆ, ಆದರೆ ಯಾವ ಘಟನೆಯದ್ದೂ ಅಲ್ಲದೆ ಇರಬಹುದು.

ಇನ್ನೊಂದು ತೊಂದರೆ, ಜಿರ್ಕಾನ್‌ಗೆ ಸಮಯ ಗೊತ್ತು, ಒತ್ತಡ ಗೊತ್ತಿಲ್ಲ. ಅದು ಇಳಿಯುವಾಗಲೂ ಬೆಳೆಯಬಹುದು, ತಳದಲ್ಲೂ ಬೆಳೆಯಬಹುದು, ವಾಪಸ್ ಬರುವ ದಾರಿಯಲ್ಲಿ ಬಿಸಿ ದ್ರವ ಸಿಕ್ಕರೆ ಆಗಲೂ ಬೆಳೆಯಬಹುದು. ಯಾವಾಗ ಬೆಳೆಯಿತು ಅಂತ ತಿಳಿಯಲು ಎರಡು ದಾರಿ ಇವೆ. ಒಂದು, ಪದರದ ಒಳಗೇ ಕೋಸೈಟ್ ಚೂರು ಸಿಕ್ಕಿಹಾಕಿಕೊಂಡಿದೆಯಾ ಅಂತ ರಾಮನ್ ರೋಹಿತದಲ್ಲಿ, ಅಂದರೆ ಲೇಸರ್ ಬಿಟ್ಟು ಚದುರಿದ ಬೆಳಕಿನ ಗೆರೆಗಳಲ್ಲಿ, ಹುಡುಕುವುದು. ನಮ್ಮ ಸಿ.ವಿ. ರಾಮನ್ ಅವರ ಪರಿಣಾಮವೇ ಇಲ್ಲಿ ಕೆಲಸಕ್ಕೆ ಬರುವುದು. ರೋಹಿತದ ಅಳತೆಪಟ್ಟಿಯಲ್ಲಿ ಬೆಣಚುಕಲ್ಲು 464ರ ಹತ್ತಿರ ಗೆರೆ ತೋರಿಸಿದರೆ ಕೋಸೈಟ್ 521ರ ಹತ್ತಿರ ತೋರಿಸುತ್ತದೆ, ಗೊಂದಲಕ್ಕೆ ಜಾಗವೇ ಇಲ್ಲ. ಇನ್ನೊಂದು, ವಿರಳ ಭೂಧಾತುಗಳು. ಗಾರ್ನೆಟ್ ಇದ್ದ ಕಡೆ ಭಾರದ ವಿರಳ ಭೂಧಾತುಗಳನ್ನೆಲ್ಲ ಅದೇ ಬಾಚಿಕೊಳ್ಳುತ್ತದೆ, ಪಕ್ಕದಲ್ಲಿ ಬೆಳೆಯುವ ಜಿರ್ಕಾನ್‌ಗೆ ಸಿಗುವುದು ಕಮ್ಮಿ. ಫೆಲ್ಡ್‌ಸ್ಪಾರ್ ಇದ್ದರೆ ಅದು ಯುರೋಪಿಯಂ ಎಳೆದುಕೊಳ್ಳುತ್ತದೆ, ಜಿರ್ಕಾನ್‌ನಲ್ಲಿ ಅದರ ಕೊರತೆ ಕಾಣುತ್ತದೆ. ಭಾರದ ಧಾತು ಕಮ್ಮಿ, ಯುರೋಪಿಯಂ ಕೊರತೆ ಇಲ್ಲ ಅಂದರೆ ಆ ಪದರ ಬೆಳೆದಾಗ ಗಾರ್ನೆಟ್ ಇತ್ತು, ಫೆಲ್ಡ್‌ಸ್ಪಾರ್ ಇರಲಿಲ್ಲ. ಅದು ಎಕ್ಲೋಜೈಟ್ ಸ್ಥಿತಿ.

ಈಗ ಜಗಳದ ಅಂಕಿಗಳಿಗೆ ಬರೋಣ. 2000ದಲ್ಲಿ ಪ್ರಕಟವಾದ ದ ಸಿಗೋಯೆರ್ ಮತ್ತು ಜೊತೆಯವರ ಅಧ್ಯಯನ ಮೂರು ಬೇರೆ ಬೇರೆ ವಿಧಾನದಲ್ಲಿ ತ್ಸೋ ಮೊರಾರಿ ಎಕ್ಲೋಜೈಟ್‌ಗೆ ಸುಮಾರು 5.5 ಕೋಟಿ ಅಂತ ಹೇಳಿತು, ಆದರೆ ಆಚೀಚೆಯ ಅಂತರ ಎಷ್ಟಿತ್ತು ಅಂದರೆ ಕೆಲವದರಲ್ಲಿ ಅದೇ ಒಂದು ಕೋಟಿ ವರ್ಷ ದಾಟುತ್ತಿತ್ತು. 2005ರಲ್ಲಿ ಲೀಚ್ ಮತ್ತು ತಂಡ ಗಡ್ಡೆ ಬಿಟ್ಟು ಸುತ್ತಲಿನ ನೈಸ್‌ನ ಜಿರ್ಕಾನ್ ಅಳೆದರು. ಮೂರು ಗುಂಪು ಸಿಕ್ಕವು: 5.33 ಕೋಟಿ, 5 ಕೋಟಿ, 4.75 ಕೋಟಿ, ಎಲ್ಲದಕ್ಕೂ ಆಚೀಚೆ ಕೆಲವೇ ಲಕ್ಷ ವರ್ಷ. ಮೊದಲನೆಯದು ಅತಿ ಆಳದ ಕ್ಷಣ, ಉಳಿದ ಎರಡು ವಾಪಸ್ ಬರುವ ದಾರಿಯ ಹಂತಗಳು ಅಂತ ಹೊಂದಿಸಿದರು. ಅಷ್ಟು ಆಳಕ್ಕೆ ಹೋಗಲು ಬೇಕಾದ ಕಾಲ ಕೂಡಿಸಿ ಡಿಕ್ಕಿ 5.7 ಕೋಟಿಯ ಸುಮಾರಿಗೆ ಶುರುವಾಯಿತು ಅಂತಲೂ ಹೇಳಿದರು.

ಅತ್ತ ಕಾಗಾನ್‌ನಲ್ಲಿ ಲೆಕ್ಕ ಬೇರೆ ಬಂತು. 2003ರಲ್ಲಿ ಕಾನೆಕೋ ಮತ್ತು ತಂಡ ಕೋಸೈಟ್ ಹೊತ್ತ ಜಿರ್ಕಾನ್ ಅಳೆದಾಗ 4.62 ಕೋಟಿ. 2006ರಲ್ಲಿ ಪ್ಯಾರಿಶ್ ಮತ್ತು ತಂಡ ಅದೇ ಕಣಿವೆಯಲ್ಲಿ 4.64 ಕೋಟಿ ಅಂತ ತೋರಿಸಿದರು, ಆಚೀಚೆ ಬರೀ ಒಂದು ಲಕ್ಷ. ಮೇಲೆ ಬಂದ ವೇಗ ಕೂಡ ಭೂಫಲಕಗಳು ಓಡುವ ವೇಗದಷ್ಟೇ, ವರ್ಷಕ್ಕೆ ಕೆಲವು ಸೆಂಟಿಮೀಟರ್. ಎರಡು ಜಾಗದ ನಡುವೆ 450 ಕಿಲೋಮೀಟರ್‌ಗೂ ಜಾಸ್ತಿ ದೂರ, ವಯಸ್ಸಿನಲ್ಲಿ 70 ಲಕ್ಷ ವರ್ಷ ವ್ಯತ್ಯಾಸ. ಹಾಗಾದರೆ ಭಾರತದ ಅಂಚು ಒಂದು ಕಡೆ ಮೊದಲು, ಇನ್ನೊಂದು ಕಡೆ ಆಮೇಲೆ ಮುಳುಗಿತೇ? ಕೆಲವು ವರ್ಷ ಅದೇ ದೊಡ್ಡ ಚರ್ಚೆಯಾಯಿತು.

2013ರಲ್ಲಿ ಡೊನಾಲ್ಡ್‌ಸನ್ ಮತ್ತು ಜೊತೆಯವರು ಮತ್ತೆ ತ್ಸೋ ಮೊರಾರಿಗೆ ಬಂದರು. ಈ ಸಲ ನೈಸ್ ಬಿಟ್ಟು ಎಕ್ಲೋಜೈಟ್ ಗಡ್ಡೆಯ ಜಿರ್ಕಾನ್, ವಯಸ್ಸಿನ ಜೊತೆಗೇ ವಿರಳ ಭೂಧಾತುಗಳ ಅಳತೆ. ಎಕ್ಲೋಜೈಟ್ ಸ್ಥಿತಿಯ ಗುರುತಿದ್ದ ಜಿರ್ಕಾನ್‌ಗಳ ವಯಸ್ಸು 4.7ರಿಂದ 4.3 ಕೋಟಿ. ಕಾಗಾನ್ ಜೊತೆ ಇದ್ದ ವ್ಯತ್ಯಾಸ ಇದರಲ್ಲಿ ಹೆಚ್ಚುಕಮ್ಮಿ ಮಾಯ. ಅಂದರೆ ಒಂದೇ ಗುಡ್ಡದ ಕಲ್ಲು, ಎರಡೂ ಒಳ್ಳೆಯ ಪ್ರಯೋಗಾಲಯ, ಎರಡೂ ಅದೇ ಖನಿಜ, ಆದರೂ 60 ಲಕ್ಷ ವರ್ಷಕ್ಕೂ ಜಾಸ್ತಿ ಅಂತರ. ಯಂತ್ರ ಕೊಟ್ಟ ಅಂಕಿ ತಪ್ಪು ಅಂತ ಇಬ್ಬರಲ್ಲಿ ಯಾರನ್ನೂ ದೂರುವ ಹಾಗಿಲ್ಲ. ಗೊಂದಲ ಇರುವುದು ಹೊಂದಿಸುವುದರಲ್ಲಿ, ಈ ಪದರ ಈ ಹಂತದ್ದು ಅಂತ ಹೇಳುವುದರಲ್ಲಿ. ನನ್ನನ್ನು ಕೇಳಿದರೆ, ಕೋಸೈಟ್ ಹೊಟ್ಟೆಯಲ್ಲೇ ಇಟ್ಟುಕೊಂಡ ಕಾಗಾನ್ ಜಿರ್ಕಾನ್‌ನ ಮಾತಿಗೆ ತೂಕ ಜಾಸ್ತಿ. ಹಾಗಂತ 5.33ರ ಗುಂಪನ್ನು ಎಸೆಯಲೂ ಆಗುವುದಿಲ್ಲ. ಅದು ಇಳಿಯುವ ದಾರಿಯಲ್ಲಿ ಬೆಳೆದದ್ದಾಗಿದ್ದರೆ ಎರಡೂ ಅಂಕಿ ಒಂದೇ ಕಥೆಯೊಳಗೆ ಕೂರುತ್ತವೆ, ಆದರೆ ಆಗ ಇಳಿಯಲು ಹಿಡಿದ ಕಾಲ ಉದ್ದವಾಗುತ್ತದೆ.

ಆ ಕಾಲದ ಲೆಕ್ಕವೂ ಅಷ್ಟು ಗಟ್ಟಿ ಅಲ್ಲ. ಫಲಕ 30 ಡಿಗ್ರಿ ಓರೆಯಲ್ಲಿ ವರ್ಷಕ್ಕೆ 7 ಸೆಂಟಿಮೀಟರ್ ಜಾರಿದರೆ 100 ಕಿಲೋಮೀಟರ್ ಆಳಕ್ಕೆ ಹೋಗಲು 200 ಕಿಲೋಮೀಟರ್ ಜಾರಬೇಕು, ಸುಮಾರು 29 ಲಕ್ಷ ವರ್ಷ. 45 ಡಿಗ್ರಿ ಇಟ್ಟರೆ 20 ಲಕ್ಷ. ವೇಗ ಅರ್ಧ ಮಾಡಿದರೆ ಎಲ್ಲವೂ ದುಪ್ಪಟ್ಟು. ಇದರ ಮೇಲೆ ಇನ್ನೊಂದು ವಾದ ಇದೆ: ಹಿಂಡುವ ಫಲಕಗಳ ನಡುವೆ ಸಿಕ್ಕಿದ ಕಲ್ಲಿಗೆ ಬರೀ ಮೇಲಿನ ಭಾರಕ್ಕಿಂತ ಜಾಸ್ತಿ ಒತ್ತಡ ಬೀಳಬಹುದು, ಹಾಗಾಗಿ ಕೋಸೈಟ್ ಇದ್ದ ಮಾತ್ರಕ್ಕೆ 100 ಕಿಲೋಮೀಟರ್ ಅಂತ ಹೇಳಬೇಡಿ ಅನ್ನುತ್ತಾರೆ ಒಂದು ಗುಂಪಿನವರು. ಹೆಚ್ಚಿನವರು ಇನ್ನೂ ಒಪ್ಪಿಲ್ಲ. ದೊಡ್ಡ ಪ್ರದೇಶದ ಕಲ್ಲಿಗೆ ಅಷ್ಟು ಹೆಚ್ಚುವರಿ ಒತ್ತಡ ತುಂಬಾ ಕಾಲ ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ ಅನ್ನುವುದು ಅವರ ಉತ್ತರ.

ಜಿರ್ಕಾನ್ ಒಂದನ್ನೇ ಯಾಕೆ ನೆಚ್ಚಿಕೊಳ್ಳಬೇಕು, ಗಾರ್ನೆಟ್ ಅನ್ನೇ ನೇರವಾಗಿ ಅಳೆಯಬಾರದಾ ಅಂತ ಕೇಳಬಹುದು. ಅಳೆಯುತ್ತಾರೆ. ಗಾರ್ನೆಟ್‌ನಲ್ಲಿ ಲುಟೇಷಿಯಂ ಒಡೆದು ಹಾಫ್ನಿಯಂ ಆಗುವ ಗಡಿಯಾರ ಇದೆ, ಮತ್ತು ಒತ್ತಡದ ಕಥೆ ಬರೆದುಕೊಂಡಿರುವುದೂ ಗಾರ್ನೆಟ್‌ನಲ್ಲೇ, ಹಾಗಾಗಿ ಇದು ಆಕರ್ಷಕ. ಆದರೆ ಲುಟೇಷಿಯಂ ಹೆಚ್ಚಾಗಿ ಗಾರ್ನೆಟ್‌ನ ನಡುಭಾಗದಲ್ಲೇ ತುಂಬಿಕೊಳ್ಳುತ್ತದೆ, ಅಲ್ಲಿ ಸಿಗುವ ವಯಸ್ಸು ಬೆಳೆಯಲು ಶುರುಮಾಡಿದ ಕಾಲದತ್ತ ವಾಲುತ್ತದೆ. ಗಾರ್ನೆಟ್ ಒಳಗೆ ಕಣ್ಣಿಗೆ ಕಾಣದ ಜಿರ್ಕಾನ್ ಚೂರುಗಳಿದ್ದರೆ ಅವುಗಳ ಹಾಫ್ನಿಯಂ ಲೆಕ್ಕ ಕೆಡಿಸುತ್ತದೆ.

ಅಭ್ರಕದಲ್ಲಿ ಆರ್ಗಾನ್ ಅಳೆಯುವ ಹಳೇ ವಿಧಾನ ಒಂದಿದೆ, ಅಗ್ಗ, ಸುಲಭ, ಮತ್ತು ಇಂಥ ಕಲ್ಲುಗಳಲ್ಲಿ ತುಂಬಾ ಜನರ ದಾರಿ ತಪ್ಪಿಸಿದೆ. ಡೋರಾ ಮೈರಾದಲ್ಲಿ ಅಭ್ರಕದ ಆರ್ಗಾನ್ ಸುಮಾರು 10 ಕೋಟಿ ವರ್ಷ ಮತ್ತು ಅದಕ್ಕೂ ಹಳೆಯ ಅಂಕಿ ಕೊಟ್ಟಿತ್ತು, ಆಲ್ಪ್ಸ್‌ನ ಇತಿಹಾಸವನ್ನೇ ಅದರ ಮೇಲೆ ಕಟ್ಟಿದರು. 1990ರ ದಶಕದಲ್ಲಿ ಜಿರ್ಕಾನ್ ಮತ್ತಿತರ ಖನಿಜಗಳಿಂದ ನಿಜವಾದ ವಯಸ್ಸು ಬರೀ 3.5 ಕೋಟಿ ಅಂತ ಗೊತ್ತಾಯಿತು. ಏನಾಗಿತ್ತು ಅಂದರೆ, ಅಷ್ಟು ಒತ್ತಡದಲ್ಲಿ, ದ್ರವ ಹೊರಗೆ ಹರಿಯಲು ದಾರಿಯೇ ಇಲ್ಲದ ಒಣ ಕಲ್ಲಿನಲ್ಲಿ, ಹಳೇ ಖನಿಜಗಳಿಂದ ಬಿಡುಗಡೆಯಾದ ಆರ್ಗಾನ್ ಎಲ್ಲೂ ಹೋಗಲಾಗದೆ ಹೊಸ ಅಭ್ರಕದೊಳಗೇ ಸೇರಿಕೊಂಡಿತ್ತು. ಗಡಿಯಾರ ಸೊನ್ನೆಯಿಂದ ಶುರುವಾಗಿರಲೇ ಇಲ್ಲ. ಹಲವು ಮಾದರಿಗಳು ಒಂದಕ್ಕೊಂದು ಹೊಂದುವ ಅಂಕಿ ಕೊಟ್ಟದ್ದರಿಂದ ನಂಬಿಕೆ ಇನ್ನೂ ಜಾಸ್ತಿಯಾಗಿತ್ತು, ಅದೇ ಬೇಜಾರು.

ಸರಿ, 4.6 ಕೋಟಿ ವರ್ಷದ ಹಿಂದೆ ಭಾರತದ ಅಂಚು ಆಳದಲ್ಲಿತ್ತು ಅಂತಲೇ ಇಟ್ಟುಕೊಳ್ಳೋಣ. ಯಾವುದರ ಕೆಳಗೆ? ಈಗಿನ ಚರ್ಚೆ ಬಿಸಿಯಾಗಿರುವುದು ಇಲ್ಲಿ. ಟಿಬೆಟ್‌ನ ಸಾಂಗ್‌ದಾನ್‌ಲಿನ್ ಅನ್ನುವ ಜಾಗದಲ್ಲಿ ಭಾರತದ ಅಂಚಿನ ಸಮುದ್ರದ ಕೆಸರಿಗೆ ಏಷ್ಯಾದ ಕಡೆಯ ಮರಳು ಬಂದು ಬೀಳಲು ಶುರುವಾದದ್ದು ಸುಮಾರು 5.9 ಕೋಟಿ ವರ್ಷದ ಹಿಂದೆ. ಅದನ್ನು ನೆಚ್ಚಿದವರಿಗೆ ಡಿಕ್ಕಿ ಆಗಲೇ ಆಗಿದೆ. ಆದರೆ ಪಶ್ಚಿಮದಲ್ಲಿ, ಅಂದರೆ ತ್ಸೋ ಮೊರಾರಿ, ಕಾಗಾನ್ ಇರುವ ಕಡೆ, ಭಾರತಕ್ಕೂ ಏಷ್ಯಾಕ್ಕೂ ನಡುವೆ ಕೊಹಿಸ್ತಾನ್–ಲಡಾಖ್ ಜ್ವಾಲಾಮುಖಿ ದ್ವೀಪಸರಣಿ ಇತ್ತು. 2020ರಲ್ಲಿ ಮಾರ್ಟಿನ್ ಮತ್ತು ತಂಡ ಲಡಾಖ್‌ನ 6.6–6.2 ಕೋಟಿ ವರ್ಷದ ಜ್ವಾಲಾಮುಖಿ ಕಲ್ಲಿನಲ್ಲಿ ಉಳಿದ ಹಳೇ ಕಾಂತೀಯತೆ (ಕಲ್ಲು ಯಾವ ಅಕ್ಷಾಂಶದಲ್ಲಿ ಹುಟ್ಟಿತು ಅಂತ ಅದರಿಂದ ಗೊತ್ತಾಗುತ್ತದೆ) ಅಳೆದು, ಆಗ ಆ ಸರಣಿ ಸಮಭಾಜಕ ವೃತ್ತದಿಂದ 8 ಡಿಗ್ರಿ ಉತ್ತರದಲ್ಲಷ್ಟೇ ಇತ್ತು ಅಂದರು. ಏಷ್ಯಾದ ಅಂಚು ಇನ್ನೂ ತುಂಬಾ ದೂರದಲ್ಲಿತ್ತು. ಹಾಗಾದರೆ ಭಾರತ ಮೊದಲು ತಗುಲಿದ್ದು ಈ ದ್ವೀಪಸರಣಿಗೆ, ಏಷ್ಯಾಕ್ಕೆ ತಗುಲಿದ್ದು ಆಮೇಲೆ, 4 ಕೋಟಿಯ ಸುಮಾರಿಗೆ.

ಇದು ಸರಿ ಅಂತಾದರೆ ಎಕ್ಲೋಜೈಟ್‌ನ ವಯಸ್ಸು ಒಂದು ಲಕ್ಷ ವರ್ಷದ ಖಚಿತತೆಯಲ್ಲಿ ಗೊತ್ತಿದ್ದರೂ ಅದು ಭಾರತ–ಏಷ್ಯಾ ಡಿಕ್ಕಿಯ ದಿನಾಂಕ ಆಗುವುದಿಲ್ಲ, ಭಾರತ–ದ್ವೀಪಸರಣಿ ಡಿಕ್ಕಿಯದ್ದಾಗುತ್ತದೆ. ಕಲ್ಲಿನ ಮೂಲ ಭಾರತದ್ದು ಅಂತ ಗೊತ್ತಾಯಿತು, ಆದರೆ ಅದರ ಮೇಲೆ ಕೂತಿದ್ದು ಯಾರು ಅಂತ ಆ ಕಲ್ಲು ಹೇಳುವುದಿಲ್ಲ. ಅದನ್ನು ಮರಳು, ಕಾಂತೀಯತೆ, ಗ್ರಾನೈಟ್‌ಗಳ ರಾಸಾಯನಿಕ ಇವುಗಳಿಂದಲೇ ತಿಳಿಯಬೇಕು.

ಇಷ್ಟು ಓದಿದವರು ಒಂದು ಪ್ರಶ್ನೆ ಕೇಳುತ್ತಾರೆ: ನಮ್ಮ ಕರ್ನಾಟಕದಲ್ಲಿ ಅಷ್ಟು ಹಳೇ ಕಲ್ಲುಗಳಿವೆ, ಲಾಲ್‌ಬಾಗ್ ಬಂಡೆಯೇ 300 ಕೋಟಿ ವರ್ಷದ್ದು ಅನ್ನುತ್ತಾರೆ, ಇಲ್ಲಿ ಯಾಕೆ ಕೋಸೈಟ್ ಇಲ್ಲ? ಹಳೇದಾಗಿರುವುದೇ ಕಾರಣ. ಜಗತ್ತಿನಲ್ಲಿ ಕೋಸೈಟ್ ಇರುವ ಇಂಥ ರೂಪಾಂತರ ಶಿಲೆಗಳಲ್ಲಿ ತುಂಬಾ ಹಳೆಯದು ಅಂತ ಸಾಮಾನ್ಯವಾಗಿ ಹೇಳುವುದು ಆಫ್ರಿಕಾದ ಮಾಲಿಯದ್ದು, ಅದೂ ಬರೀ 62 ಕೋಟಿ ವರ್ಷ. ಧಾರವಾಡ ಶಿಲೆಗಳ ಕಾಲದಲ್ಲಿ ಭೂಮಿಯ ಒಳಗು ಈಗಿಗಿಂತ ಬಿಸಿ. ಕಲ್ಲು ಆಳಕ್ಕೆ ಹೋಗುವ ಮೊದಲೇ ಮೆತ್ತಗಾಗುತ್ತಿತ್ತು, ತಣ್ಣಗಿದ್ದುಕೊಂಡು 100 ಕಿಲೋಮೀಟರ್ ಮುಳುಗುವುದು ಕಷ್ಟವಿತ್ತು ಅನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ಇಷ್ಟು ಆಳದ್ದಲ್ಲದಿದ್ದರೂ, ನಮ್ಮ ಕರಾವಳಿಯಲ್ಲಿ ಇದೇ ತರಹದ ಹುಡುಕಾಟ ನಡೆದಿದೆ. ಕುಮಟಾ ಸುತ್ತಲಿನ ಅಭ್ರಕದ ಪದರಕಲ್ಲುಗಳು ಎರಡು ಹಳೇ ಭೂಖಂಡಗಳ ಹೊಲಿಗೆಯ ಗುರುತು, ಅದರ ಮುಂದುವರಿಕೆ ಮಡಗಾಸ್ಕರ್‌ನಲ್ಲಿದೆ ಅಂತ 2013ರಲ್ಲಿ ಒಂದು ಪ್ರಸ್ತಾಪ ಬಂತು, ವಯಸ್ಸು ಸುಮಾರು 130 ಕೋಟಿ ವರ್ಷ. ಆ ವಯಸ್ಸು ಬಂದದ್ದು ಪೊಟ್ಯಾಸಿಯಂ–ಆರ್ಗಾನ್ ಗಡಿಯಾರದಿಂದ, ಡೋರಾ ಮೈರಾ ಕಥೆ ಗೊತ್ತಿದ್ದವರಿಗೆ ಜಿರ್ಕಾನ್ ಏನು ಹೇಳುತ್ತದೆ ಅಂತ ನೋಡುವ ಆಸೆ ಆಗುವುದು ಸಹಜ.

ಇತ್ತೀಚೆಗೆ ಹುಡುಕುವ ರೀತಿಯೇ ಬದಲಾಗುತ್ತಿದೆ. ಬೆಟ್ಟ ಹತ್ತಿ ಕಪ್ಪು ಗಡ್ಡೆ ಹುಡುಕುವ ಬದಲು ಹೊಳೆಯ ಮರಳಿನಲ್ಲಿ ಗಾರ್ನೆಟ್ ಆರಿಸಿ, ಅದರೊಳಗೆ ಕೋಸೈಟ್ ಇದೆಯಾ ಅಂತ ರಾಮನ್ ಹಿಡಿದು ನೋಡುವುದು. ಜರ್ಮನಿಯ ಗೊಟ್ಟಿಂಗೆನ್‌ನ ಯಾನ್ ಶೋನಿಗ್ ಮತ್ತು ತಂಡ 2018ರಲ್ಲಿ ನಾರ್ವೆಯ ಮರಳಿನಲ್ಲಿ ಇದನ್ನು ಮಾಡಿ ತೋರಿಸಿದರು. ಜಗತ್ತಿನ ಅತಿ ಎಳೆಯ ಕೋಸೈಟ್ ಎಕ್ಲೋಜೈಟ್ ಇರುವ ಪಪುವಾ ನ್ಯೂಗಿನಿಯ ಕಡೆಯ ಮರಳಿನಲ್ಲೂ ಸಿಕ್ಕಿದೆ. ಅಲ್ಲಿನ ಕಲ್ಲು 100 ಲಕ್ಷ ವರ್ಷ ಕೂಡ ಹಳೇದಲ್ಲ. ಒಂದು ಹೊಳೆ ಇಡೀ ಕಣಿವೆಯನ್ನು ತೊಳೆದು ತರುತ್ತದೆ, ಒಬ್ಬ ಮನುಷ್ಯ ಸುತ್ತಿಗೆ ಹಿಡಿದು ಅಷ್ಟು ಜಾಗ ನೋಡಲಾರ.

ಹಿಮಾಲಯಕ್ಕೆ ಇದನ್ನು ಹಚ್ಚಿದರೆ ಒಂದು ಒಳ್ಳೆಯ ಅವಕಾಶ ಇದೆ. ಪೂಗಾದ ತೊರೆ ಮಾಹೆ ಹತ್ತಿರ ಸಿಂಧೂ ನದಿಗೆ ಸೇರುತ್ತದೆ. ಕಾಗಾನ್‌ನ ಕುನ್ಹಾರ್ ನದಿ ಝೇಲಂ ಮೂಲಕ ಅದೇ ಸಿಂಧೂಗೆ. ಸಿಂಧೂ ಹೊತ್ತು ತಂದ ಹೂಳು ಅರಬ್ಬೀ ಸಮುದ್ರದ ತಳದಲ್ಲಿ ಕಿಲೋಮೀಟರ್‌ಗಟ್ಟಲೆ ದಪ್ಪಕ್ಕೆ ಕೂತಿದೆ. 2015ರಲ್ಲಿ ಅಂತರರಾಷ್ಟ್ರೀಯ ಸಾಗರ ಕೊರೆತ ಯೋಜನೆಯ 355ನೇ ಯಾತ್ರೆ ನಮ್ಮ ಪಶ್ಚಿಮ ಕರಾವಳಿಯಾಚೆಯ ಲಕ್ಷ್ಮೀ ಜಲಾನಯನದಲ್ಲಿ ಆ ಹೂಳನ್ನು ಕೊರೆದು ಮೇಲೆ ತಂದಿತು. ಜಿರ್ಕಾನ್ ಮುಳುಗಿದ ಕಾಲ ಹೇಳುತ್ತದೆ, ಅಭ್ರಕ ತಣ್ಣಗಾದ ಕಾಲ ಹೇಳುತ್ತದೆ. ಆ ಕಲ್ಲು ಬಿಸಿಲು ಕಂಡು, ಮಳೆಗೆ ಸವೆದು, ನದಿಗೆ ಬಿದ್ದದ್ದು ಯಾವಾಗ ಅಂತ ಹೇಳಲು ಎರಡಕ್ಕೂ ಬಾಯಿಲ್ಲ. ಅದಕ್ಕೆ ಬೇಕಾದದ್ದು ಹೂಳಿನ ಪದರದಲ್ಲಿ ಕೋಸೈಟ್ ಹೊತ್ತ ಗಾರ್ನೆಟ್ ಕಣ, ಆ ಪದರದ ವಯಸ್ಸು ಅದರೊಳಗಿನ ಜೀವಾವಶೇಷಗಳಿಂದ ಗೊತ್ತಾಗುತ್ತದೆ.